ಸೆಕೆಂಡ್ ಹ್ಯಾಂಡ್ ಹಗುರ ಸ್ಪೋರ್ಟ್ಸ್ ಕಾರು: ಎಂಎಕ್ಸ್-5 ಈಗಲೇ ತೆಗೆದುಕೊಳ್ಳಲಾ, ಎಲೀಸ್‌ಗೆ ಕಾಯಲಾ?

ತಿರುವು_ಪ್ರೇಮಿ

ಎಲ್ಲರಿಗೂ ನಮಸ್ಕಾರ. ಹಗುರವಾದ ಎರಡು ಸೀಟಿನ ಕಾರು ಬೇಕು ಅನ್ನುವುದು ಬಹಳ ವರ್ಷಗಳ ಆಸೆ, ಈಗ ದುಡ್ಡು ಕೂಡಿಬಂದಿದೆ. ದಿನನಿತ್ಯದ ಓಡಾಟಕ್ಕೆ ಬೇರೆ ಕಾರಿದೆ. ಇದು ರಜೆಯ ದಿನ ಬೆಳಗಿನ ಜಾವ ಎದ್ದು ಖಾಲಿ ರಸ್ತೆಯಲ್ಲಿ ಓಡಿಸುವುದಕ್ಕೆ ಮಾತ್ರ. ಗೆಳೆಯನ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಒಂದು ದಿನ ಓಡಿಸಿದ್ದೆ, ಅದೇ ಹೆಡ್‌ಲೈಟ್ ಮೇಲೆದ್ದು ಬರುವ ಕಾರು. ದೊಡ್ಡ ಪವರ್ ಏನಿಲ್ಲ, ಆದರೆ ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, ಕಾರು ಆಗಲೇ ಆ ಕಡೆ ಹೊರಟಿರುತ್ತದೆ. ಅವತ್ತಿನಿಂದ ತಲೆಯಲ್ಲಿ ಅದೇ.

ಮೊನ್ನೆ ಒಂದು ಎರಡನೇ ತಲೆಮಾರಿನ ಎಂಎಕ್ಸ್-5 ನೋಡಿ ಬಂದೆ. 2000ದ ಮಾಡೆಲ್, ಓಡಿರುವುದು 68,000 ಕಿ.ಮೀ. ಥಳಥಳ ಹೊಳೆಯುತ್ತಿತ್ತು, ಬಾಗಿಲಿನ ಕೆಳಗಿನ ಭಾಗಕ್ಕೆ ಮಾತ್ರ ಹೊಸದಾಗಿ ಪೇಂಟ್ ಮಾಡಿಸಿದ್ದಾರಂತೆ. ಎಂಜಿನ್ ಚೆನ್ನಾಗಿತ್ತು, ಆದರೆ ನಾನು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿತ್ತು. ಮಾರುವವರು ಒಳ್ಳೆಯವರ ಹಾಗೆ ಕಂಡರು. ತೆಗೆದುಕೊಂಡುಬಿಡಲಾ? ಇಲ್ಲ ಇನ್ನೊಂದು ವರ್ಷ ಕಾದು ಹಳೆಯ ಲೋಟಸ್ ಎಲೀಸ್ ಹುಡುಕಲಾ? ಟೊಯೋಟಾ ಎಂಆರ್2 ಕೂಡ ಮನಸ್ಸಿನಲ್ಲಿದೆ. ನನ್ನ ಎತ್ತರ ಆರಡಿ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೇಳಿ.

ಹಳೇ_ಸ್ಪ್ಯಾನರ್

ಸ್ವಲ್ಪ ತಡೀರಿ, ಅಡ್ವಾನ್ಸ್ ಕೊಡಬೇಡಿ. ನೀವು ಬರೆದಿದ್ದರಲ್ಲಿ ಎರಡು ವಿಷಯ ನನಗೆ ಹಿಡಿಸಲಿಲ್ಲ. ಬಾಗಿಲ ಕೆಳಗೆ ಮಾತ್ರ ಹೊಸ ಪೇಂಟ್, ಮತ್ತು ಬಿಸಿ ಬಾನೆಟ್.

ಈ ಕಾರಿನಲ್ಲಿ ಎಂಜಿನ್ ಹೆದರಿಸುವ ವಿಷಯವೇ ಅಲ್ಲ, ಗಟ್ಟಿ ಎಂಜಿನ್. ಹಾಳಾದರೂ ಬೇರೆ ತಂದು ಕೂರಿಸಬಹುದು. ಬಾಡಿ ಹೋದರೆ ಕಾರೇ ಹೋಯಿತು. ಅದಕ್ಕೇ ನಾನು ಯಾರು ಕೇಳಿದರೂ ಒಂದೇ ಮಾತು ಹೇಳುವುದು, ಬಾಡಿ ನೋಡಿ ದುಡ್ಡು ಕೊಡಿ.

ತುಕ್ಕು ಹೇಗೆ ಬರುತ್ತದೆ ಅಂತ ಗೊತ್ತಾದರೆ ಎಲ್ಲಿ ನೋಡಬೇಕು ಅಂತಲೂ ಗೊತ್ತಾಗುತ್ತದೆ. ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡೂ ಮೂಲೆಯಲ್ಲಿರುವ ಸಣ್ಣ ತೂತಿಗೆ ಇಳಿದು, ಅಲ್ಲಿಂದ ಪೈಪಿನಲ್ಲಿ ಹಿಂದಿನ ಚಕ್ರದ ಮುಂಭಾಗದಲ್ಲಿ ಕೆಳಗೆ ಹೋಗಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಒಣಗಿದ ಎಲೆ, ಧೂಳು ಸೇರಿ ಆ ತೂತು ಕಟ್ಟಿಕೊಳ್ಳುತ್ತದೆ. ಆಮೇಲೆ ನೀರು ಹೋಗುವುದು ಬಾಗಿಲ ಕೆಳಗಿನ ಸಿಲ್ ಒಳಕ್ಕೆ. ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತಾ ಬರುತ್ತದೆ, ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ಏನೂ ಉಳಿದಿರುವುದಿಲ್ಲ.

ನನ್ನ ಮೊದಲ ಓಪನ್ ಕಾರಿನಲ್ಲಿ ಇದೇ ಅನುಭವಿಸಿದೆ. ಹೊಳೆಯುವ ಪೇಂಟ್ ನೋಡಿ ಖುಷಿಯಿಂದ ತಂದಿದ್ದೆ. ಮೂರು ತಿಂಗಳ ನಂತರ ಜ್ಯಾಕ್ ಹಾಕಿದಾಗ ಅದು ಸಿಲ್ ಒಳಗೇ ನುಗ್ಗಿತು. ಅಂಗೈಯಷ್ಟು ದಪ್ಪ ಪುಟ್ಟಿ ಉದುರಿ ಬಿತ್ತು, ಅದರ ಹಿಂದೆ ತಗಡೇ ಇರಲಿಲ್ಲ. ಅವತ್ತು ಗ್ಯಾರೇಜಿನ ನೆಲದ ಮೇಲೆ ಸುಮ್ನೆ ಕೂತುಬಿಟ್ಟಿದ್ದೆ.

ಆದ್ದರಿಂದ ಮತ್ತೆ ಹೋಗಿ. ಒಂದು ಬಾಟಲಿ ನೀರು, ಒಂದು ಟಾರ್ಚ್ ಸಾಕು. ಹಿಂದಿನ ಚಕ್ರದ ಮುಂದೆ ಸಿಲ್ ಮುಗಿಯುವ ಜಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಬನ್ನಿ. ತಗಡು ಇದ್ದರೆ ಟಣ್ ಅನ್ನುತ್ತದೆ, ಪುಟ್ಟಿ ಇದ್ದರೆ ಶಬ್ದ ಸತ್ತ ಹಾಗೆ ಬರುತ್ತದೆ. ಪೇಂಟ್ ದಪ್ಪ ಅಳೆಯುವ ಮೀಟರ್ ಯಾರ ಹತ್ತಿರವಾದರೂ ಸಿಕ್ಕರೆ ಇನ್ನೂ ಒಳ್ಳೆಯದು, ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ, ಅದಕ್ಕಿಂತ ಬಹಳ ಜಾಸ್ತಿ ತೋರಿಸಿದರೆ ಪುಟ್ಟಿಯ ಅನುಮಾನ ಪಡಿ. ಆಮೇಲೆ ಆ ಮೂಲೆಯ ತೂತಿಗೆ ನೀರು ನಿಧಾನವಾಗಿ ಸುರಿದು ಕೆಳಗೆ ಬಗ್ಗಿ ನೋಡಿ, ಎರಡೂ ಕಡೆ ಬರಬೇಕು. ಎರಡನೇ ತಲೆಮಾರಿನಲ್ಲಿ ಇನ್ನೊಂದು ಜಾಗ ಇದೆ, ಎಂಜಿನ್‌ನ ಅಕ್ಕಪಕ್ಕ ಹೋಗುವ ಮುಂದಿನ ಷಾಸಿ ರೈಲು, ಅಂದರೆ ಕಾರಿನ ಭಾರ ಹೊರುವ ಉದ್ದನೆಯ ತಗಡಿನ ತೊಲೆ. ಅದು ಒಂದರ ಮೇಲೊಂದು ತಗಡಿನ ಪದರ, ನಡುವೆ ತೇವ ಸೇರಿದರೆ ಮೇಲಿಂದ ಕಾಣುವುದೇ ಇಲ್ಲ. ಕಾರನ್ನು ಮೇಲಕ್ಕೆ ಎತ್ತಿಸಿಯೇ ನೋಡಬೇಕು.

ಎಂಜಿನ್ ತಣ್ಣಗಿರಬೇಕು ಅಂತ ಫೋನಿನಲ್ಲೇ ಹೇಳಿಬಿಡಿ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದಾಗಲೇ ಹೊಗೆ, ಶಬ್ದ ಎಲ್ಲ ಹೊರಗೆ ಬರುವುದು. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಓಡಿಸುವ ರಬ್ಬರ್ ಪಟ್ಟಿ) ಯಾವಾಗ ಬದಲಾಯಿಸಿದ್ದು, ಬಿಲ್ ಇದೆಯಾ ಅಂತ ಕೇಳಿ. ಸುಮಾರು ಒಂದು ಲಕ್ಷ ಕಿ.ಮೀ.ಗೆ ಬದಲಾಯಿಸುವುದು ಲೆಕ್ಕ, ಆದರೆ ನಿಂತೇ ಇದ್ದ ಕಾರಿನಲ್ಲಿ ರಬ್ಬರಿಗೂ ವಯಸ್ಸಾಗುತ್ತದೆ ಅಲ್ವಾ.

ಏಳುನೂರು_ಕೆಜಿ

ಸ್ಪ್ಯಾನರ್ ಸರ್ ಹೇಳಿದ್ದೆಲ್ಲ ಸರಿ. ನಾನು ಎಲೀಸ್ ಬಗ್ಗೆ ಹೇಳುತ್ತೇನೆ, ಆರು ವರ್ಷದಿಂದ ನನ್ನ ಹತ್ತಿರ ಮೊದಲ ಸೀರೀಸ್‌ನದು ಇದೆ.

1996ರಲ್ಲಿ ಬಂದಾಗ ಇದರ ತೂಕ ಸುಮಾರು 725 ಕೆಜಿ. ಎಂಎಕ್ಸ್-5 ಸಾವಿರದ ಹತ್ತಿರ ಇರುತ್ತದೆ, ಅದೇ ಹಗುರ ಅನ್ನಿಸಿದರೆ ಇದು ಬೇರೆಯೇ ಲೋಕ. ಬ್ರೇಕ್‌ಗೆ, ಟೈರ್‌ಗೆ ಕೆಲಸವೇ ಕಡಿಮೆ, 120 ಕುದುರೆಯ ಎಂಜಿನ್ನೇ ಜಾಸ್ತಿ ಅನ್ನಿಸುತ್ತದೆ. ಅಲ್ಯೂಮಿನಿಯಂ ತುಂಡುಗಳನ್ನು ಅಂಟಿನಿಂದ ಜೋಡಿಸಿದ ಷಾಸಿ, ಮೇಲೆ ಫೈಬರ್ ಬಾಡಿ. ಬಾಡಿಗೆ ತುಕ್ಕಿನ ಭಯ ಇಲ್ಲ, ಆದರೆ ಭಯವೇ ಇಲ್ಲ ಅಂತ ಅಲ್ಲ. ಆ ಷಾಸಿ ಒಮ್ಮೆ ಬಗ್ಗಿದರೆ ಸ್ಟೀಲಿನ ಹಾಗೆ ಎಳೆದು ನೇರ ಮಾಡುವುದಕ್ಕೆ ಆಗುವುದಿಲ್ಲ. ಮುಂದಿನ ಹಿಂದಿನ ಬಾಡಿ ಒಂದೊಂದು ದೊಡ್ಡ ತುಂಡು, ಅದನ್ನು ಕ್ಲ್ಯಾಮ್ ಅನ್ನುತ್ತಾರೆ. ಮೂಲೆಯಲ್ಲಿ ಸಣ್ಣ ಬಿರುಕು ಬಿಟ್ಟರೂ ರಿಪೇರಿ ದೊಡ್ಡ ಕೆಲಸ. ಪೇಂಟ್ ಮೀಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಸಾಮಾನ್ಯ ಮೀಟರ್ ಕೆಲಸ ಮಾಡುವುದು ಲೋಹದ ಮೇಲೆ ಮಾತ್ರ. ಬೆಳಕಿಗೆ ಓರೆಯಾಗಿ ನಿಂತು ಕಣ್ಣಿನಲ್ಲೇ ನೋಡಬೇಕು.

ಹಳೆಯದರಲ್ಲಿ ರೋವರ್ ಕೆ-ಸೀರೀಸ್ ಎಂಜಿನ್, ಹೆಡ್ ಗ್ಯಾಸ್ಕೆಟ್‌ಗೆ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೆಸರು ಕೆಡಿಸಿಕೊಂಡಿದ್ದು. ಬದಲಾಯಿಸಿದ ಬಿಲ್ ಇದ್ದರೆ ಅದು ಒಳ್ಳೆಯ ಸುದ್ದಿ ಅಂತಲೇ ತಿಳಿಯಿರಿ. ಕೂಲೆಂಟ್ ಮಟ್ಟ ನೋಡಿ, ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಅಂಟಿದೆಯಾ ನೋಡಿ, ಇದ್ದರೆ ಆಯಿಲ್‌ಗೆ ಕೂಲೆಂಟ್ ಸೇರಿರಬಹುದು. 2004ರಿಂದ ಟೊಯೋಟಾ 1.8 ಎಂಜಿನ್ ಹಾಕಿದ ಮಾಡೆಲ್‌ಗಳು ಬಂದವು, ಅವು 6,000 ಆರ್‌ಪಿಎಂ ದಾಟಿದ ಮೇಲೆ ಕೂಗುವುದೇ ಬೇರೆ. ಕಾಯುವುದಾದರೆ ಅದಕ್ಕೆ ಕಾಯಿರಿ.

ಆದರೆ ಆರಡಿ ಅಂದಿರಿ. ಮೊದಲು ಒಳಗೆ ಹತ್ತಿ ಇಳಿದು ನೋಡಿ. ಟಾಪ್ ಹಾಕಿಕೊಂಡೇ ಹತ್ತಬೇಕು, ತೆಗೆದಾಗ ಯಾರಾದರೂ ಹತ್ತುತ್ತಾರೆ. ಆ ಅಗಲವಾದ ಸಿಲ್ ದಾಟಿ ಕಾಲು ಒಳಗೆ ಎಳೆದುಕೊಳ್ಳುವುದು ನನಗೆ ಇಷ್ಟ, ನನ್ನ ಹೆಂಡತಿ ಒಂದು ಸಲ ಹತ್ತಿದವಳು ಮತ್ತೆ ಹತ್ತಿಲ್ಲ.

ನಡು_ಎಂಜಿನ್

ಎಂಆರ್2 ಬಗ್ಗೆ ಚಿಕ್ಕದಾಗಿ. 1999ರ ನಂತರದ ಓಪನ್ ಮಾಡೆಲ್ ಆದರೆ ಸೀಟಿನ ಹಿಂದೆಯೇ ಎಂಜಿನ್, ಓಡಿಸಲು ಬಹಳ ಚೆಂದ, ಸಾಮಾನು ಇಡಲು ಜಾಗ ಇಲ್ಲವೇ ಇಲ್ಲ. ಶುರುವಿನ ವರ್ಷದವುಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಮೊದಲ ಪೈಪು) ಒಳಗಿನ ಪ್ರೀ-ಕ್ಯಾಟ್, ಅಂದರೆ ಹೊಗೆ ಶುದ್ಧ ಮಾಡುವ ಸಣ್ಣ ಭಾಗ, ಪುಡಿಯಾಗಿ ಎಂಜಿನ್ ಒಳಕ್ಕೆ ಎಳೆದುಕೊಳ್ಳುವ ತೊಂದರೆ ಇತ್ತು, ಆಯಿಲ್ ಕುಡಿಯುವುದೂ ಇತ್ತು. ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೀವೇ ಎಳೆದು ನೋಡಿ.

ಇನ್ನೊಂದು, ಯಾವ ಕಾರಾದರೂ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2314 ಅಂತಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಕಾರಿನಲ್ಲಿ ಟೈರಿನ ಗುಂಡಿ (ಟ್ರೆಡ್) ಹೊಸದರ ಹಾಗೇ ಇರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಹಗುರ ಕಾರು ಅಂಥ ಟೈರಿನ ಮೇಲೆ ಒದ್ದೆ ರಸ್ತೆಯಲ್ಲಿ ಜಾರಿದರೆ ಹಿಡಿಯುವುದು ಕಷ್ಟ. ನನಗೆ ಆಗಿದೆ, ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ.

ತಿರುವು_ಪ್ರೇಮಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಬಾಟಲಿ ಹಿಡಿದುಕೊಂಡೇ ಹೋಗಿದ್ದೆ. ಎಡಗಡೆ ನೀರು ಸುರಿದೆ, ಕೆಳಗೆ ತೊಟ್ಟಿಕ್ಕಿತು. ಬಲಗಡೆ ಸುರಿದೆ, ಒಂದು ಹನಿ ಬರಲಿಲ್ಲ. ಐದು ನಿಮಿಷ ಬಗ್ಗಿಕೊಂಡೇ ಇದ್ದೆ. ಸೀಟಿನ ಹಿಂದೆ ಕಾರ್ಪೆಟ್ ಮುಟ್ಟಿದರೆ ಒದ್ದೆ. ಬಲಗಡೆ ಸಿಲ್ ತಟ್ಟಿದೆ, ಸರ್ ಹೇಳಿದ ಹಾಗೇ ಶಬ್ದ ಸತ್ತಿತ್ತು. ಮಾರುವವರು ಏನೂ ಮಾತಾಡಲಿಲ್ಲ, ನಾನೂ ಜಗಳ ಮಾಡಲಿಲ್ಲ, ಬೇಡ ಅಂತ ಹೇಳಿ ಬಂದೆ. ಬೇಜಾರಾಗಿದ್ದು ನಿಜ.

ಬರುವಾಗ ಗೆಳೆಯ ಇನ್ನೊಂದು ತೋರಿಸಿದ. 1,40,000 ಕಿ.ಮೀ. ಓಡಿದೆ, ಬಾನೆಟ್ ಮೇಲೆಲ್ಲ ಕಲ್ಲಿನ ಚುಕ್ಕೆ, ಆದರೆ ಒಂದು ಫೈಲ್ ತುಂಬಾ ಬಿಲ್ ಇದೆ, ಬೆಲ್ಟ್ ಮೂರು ವರ್ಷದ ಹಿಂದೆ ಬದಲಾಗಿದೆ, ಎರಡೂ ಕಡೆ ನೀರು ಹೋಗುತ್ತದೆ. ತಲೆ ಟಾಪ್‌ಗೆ ತಾಗುವುದಿಲ್ಲ, ಎರಡು ಬೆರಳು ಜಾಗ ಉಳಿಯಿತು. ಶನಿವಾರ ಮೆಕ್ಯಾನಿಕ್ ಹತ್ತಿರ ಎತ್ತಿಸಿ ನೋಡುವುದಕ್ಕೆ ಓನರ್ ಒಪ್ಪಿದ್ದಾರೆ.

ಹಳೇ_ಸ್ಪ್ಯಾನರ್

ಎತ್ತಿಸುವುದಕ್ಕೆ ತಾವಾಗಿಯೇ ಒಪ್ಪಿದ್ದಾರೆ ಅಂದರೆ ಅರ್ಧ ಕೆಲಸ ಆಯಿತು. ಮೇಲೆ ಏರಿಸಿದಾಗ ಮುಂದಿನ ರೈಲಿನ ಫೋಟೊ ಎರಡೂ ಬದಿ ತೆಗೆದು ಇಲ್ಲಿ ಹಾಕಿ, ಫ್ಲ್ಯಾಶ್ ಬೇಡ, ಟಾರ್ಚ್ ಪಕ್ಕದಿಂದ ಹಿಡಿಯಿರಿ. ಶನಿವಾರ ನಾನು ಮನೆಯಲ್ಲೇ ಇರುತ್ತೇನೆ, ನೋಡಿ ಕೂಡಲೇ ಹೇಳುತ್ತೇನೆ.