ಬಯೋಮಾರ್ಕರ್‌ಗೆ ‘ಕುರುಹು’ ಅನ್ನಬಹುದೇ? ಜೊತೆಗೆ ‘ಹೆಪ್ಪು ಪರೀಕ್ಷೆ’

ಎಲ್ಲರಿಗೂ ನಮಸ್ಕಾರ.

ಪಾರ್ಕಿನ್ಸನ್ ಕಾಯಿಲೆಯವರ ಮನೆಮಂದಿಗೆ ಅಂತ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಬಯೋಮಾರ್ಕರ್. ‘ಜೈವಿಕ ಸೂಚಕ’ ಬಳಕೆಯಲ್ಲಿದೆ, ನಿಜ. ಆದರೆ ಗಾಳಿ ಕೆಟ್ಟಿದ್ದನ್ನು ತೋರಿಸುವ ಕಲ್ಲುಹೂವಿಗೂ ಪರಿಸರದವರು ಅದನ್ನೇ ಹೇಳುತ್ತಾರೆ. ‘ಲಕ್ಷಣ’ ಅಂತೂ ಆಗದು. ಕೈ ನಡುಕ, ನಿಧಾನವಾದ ನಡಿಗೆ, ವಾಸನೆ ಗೊತ್ತಾಗದಿರುವುದು, ಇವು ಲಕ್ಷಣ. ಡಾಕ್ಟರು ಇವತ್ತಿಗೂ ಇಂಥವನ್ನು ನೋಡಿಯೇ ಜಾಸ್ತಿ ತೀರ್ಮಾನಿಸುವುದು. ಬಯೋಮಾರ್ಕರ್ ಅಂದರೆ ರಕ್ತದಲ್ಲೋ ಬೆನ್ನುಹುರಿಯ ದ್ರವದಲ್ಲೋ ಸ್ಕ್ಯಾನಿನಲ್ಲೋ ಅಳೆದು ನೋಡುವಂಥದ್ದು.

ನನಗೆ ಹಿಡಿಸಿದ್ದು ‘ಕುರುಹು’. ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನಿಗೆ ಅದು ಚೆನ್ನಾಗಿಯೇ ಕೂರುತ್ತದೆ. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಕೋಶಗಳೊಳಗೆ ಮಡಿಕೆ ತಪ್ಪಿ (ಸರಿಯಾಗಿ ಮಡಚಿಕೊಳ್ಳದೆ) ಉಂಡೆಕಟ್ಟುವುದು ಅದೇ. ತೊಂದರೆ ಬರುವುದು ನ್ಯೂರೋಫಿಲಮೆಂಟ್ ಲೈಟ್ ಎಂಬ ಇನ್ನೊಂದು ಪ್ರೋಟೀನಿನ ಹತ್ತಿರ. ನರಕೋಶ ಹಾಳಾದಾಗ ಇದು ರಕ್ತದಲ್ಲಿ ಏರುತ್ತದೆ. ಪಾರ್ಕಿನ್ಸನ್‌ನಂತೆಯೇ ಕಾಣುವ ಎಂಎಸ್ಎ, ಪಿಎಸ್‌ಪಿ ಕಾಯಿಲೆಗಳಲ್ಲಿ ಪಾರ್ಕಿನ್ಸನ್‌ಗಿಂತ ಜಾಸ್ತಿ ಏರುತ್ತದೆ, ಹಾಗಾಗಿ ಬೇರ್ಪಡಿಸಲು ನೆರವಾಗುತ್ತದೆ. ಆದರೆ ಸ್ನಾಯುಗಳ ಬಲ ಕುಂದಿಸುವ ಎಎಲ್ಎಸ್ ಎಂಬ ನರದ ಕಾಯಿಲೆಯಲ್ಲೂ ಏರುತ್ತದೆ. ಎಲ್ಲೋ ಹಾನಿಯಾಗುತ್ತಿದೆ ಅನ್ನುತ್ತದೆಯೇ ಹೊರತು ಯಾವ ಕಾಯಿಲೆ ಅಂತ ಹೇಳುವುದಿಲ್ಲ. ಇದನ್ನೂ ‘ಕುರುಹು’ ಅಂದರೆ ರಿಪೋರ್ಟ್ ಹಿಡಿದ ಮಗಳು ‘ಅಪ್ಪನಿಗೆ ಇದೇ ಕಾಯಿಲೆ’ ಅಂದುಕೊಳ್ಳುವುದಿಲ್ಲವೇ? ಎರಡಕ್ಕೂ ಒಂದೇ ಪದ ಸಾಕೇ, ಇದಕ್ಕೆ ‘ಹಾನಿಯಳತೆ’ ಥರದ್ದು ಬೇರೆ ಬೇಕೇ?

ಎರಡನೆಯದು ಸೀಡ್ ಆಂಪ್ಲಿಫಿಕೇಶನ್ ಅಸ್ಸೇ, ಅಂದರೆ ಮಡಿಕೆ ತಪ್ಪಿದ ಸೈನ್ಯೂಕ್ಲೀನನ್ನು ಪತ್ತೆ ಮಾಡುವ ಪರೀಕ್ಷೆ. ‘ಬೀಜ ವರ್ಧನೆ’ ಅಂದರೆ ಕೃಷಿ ಇಲಾಖೆಯ ಯೋಜನೆಯಂತಿದೆ! ಪರೀಕ್ಷೆಯಲ್ಲಿ ನಡೆಯುವುದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ರೋಗಿಯ ಬೆನ್ನುಹುರಿ ದ್ರವದಲ್ಲಿ ಮಡಿಕೆ ತಪ್ಪಿದ ಸೈನ್ಯೂಕ್ಲೀನ್ ಚೂರೇ ಚೂರು ಇದ್ದರೂ, ಅದು ಸುತ್ತಲಿನ ಸರಿಯಾದ ಪ್ರೋಟೀನನ್ನೂ ತನ್ನಂತೆ ಮಾಡಿಕೊಳ್ಳುತ್ತದೆ. ಹೀಗೆ ಬೆಳೆದದ್ದು ಯಂತ್ರಕ್ಕೆ ಕಾಣುತ್ತದೆ. 2023ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಬಂದ, 1,100ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಪಾರ್ಕಿನ್ಸನ್ ಇದ್ದವರ ಪೈಕಿ ಸುಮಾರು ಶೇ. 88 ಮಂದಿಯಲ್ಲಿ ಇದು ಪತ್ತೆಯಾಯಿತು. ಲೂಯಿ ಬಾಡಿ ಮರೆವಿನ ಕಾಯಿಲೆಯಲ್ಲೂ ಪಾಸಿಟಿವ್ ಬರುತ್ತದೆ, ಅದು ಬೇರೆ ಮಾತು.

‘ಹೆಪ್ಪು ಪರೀಕ್ಷೆ’ ಅಂದರೆ ತಟ್ಟನೆ ಅರ್ಥವಾಗುತ್ತದೆ ಅಲ್ವಾ? ಒಂದೇ ಅಳುಕು, ಮಿದುಳಿನ ಮಾತು ಬಂದಾಗ ‘ಹೆಪ್ಪು’ ಅಂದರೆ ಜನಕ್ಕೆ ಮೊದಲು ನೆನಪಾಗುವುದು ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕ್. ಹಾಲಿಗೆ ಹಾಕುವ ಹೆಪ್ಪಿಗೆ ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ, ಅದನ್ನೇ ಹಾಕಿ ನೋಡೋಣ.