ಗ್ಲಾಕೋಮಾ ಇದ್ದವರಿಗೆ ವಿಟಮಿನ್: ‘ದೃಷ್ಟಿವರ್ಧಕ’ ಎನ್ನಬಹುದೇ?

ಪ್ರಶ್ನೆ: ಗ್ಲಾಕೋಮಾ ರೋಗಿಗಳಿಗೆ ಕೊಡುವ ಕರಪತ್ರದಲ್ಲಿ ‘ದೃಷ್ಟಿವರ್ಧಕ ವಿಟಮಿನ್ ಪೂರಕ’ ಎಂದೂ ಅದರ ಪರಿಣಾಮ ‘ಸಾಬೀತಾಗಿದೆ’ ಎಂದೂ ಬರೆಯುವುದು ಸರಿಯೇ? ಬಿ3, ನಿಯಾಸಿನ್, ನಿಕೋಟಿನಮೈಡ್ ಮೂರೂ ಒಂದೇ ಎಂದುಕೊಳ್ಳಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ‘ವರ್ಧಕ’ ಖಂಡಿತ ಬೇಡ. ಗ್ಲಾಕೋಮಾದಲ್ಲಿ ಸಾಯುವುದು ರೆಟಿನಾದ (ಕಣ್ಣಿನ ಹಿಂಬದಿಯ ಪರದೆಯ) ನರಕೋಶಗಳು. ಅವುಗಳ ಎಳೆಗಳೇ ಕೂಡಿ ದೃಷ್ಟಿನರವಾಗಿರುವುದು. ಹಾಗಾಗಿ ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಯಬಹುದು ಅಷ್ಟೇ. ‘ವರ್ಧಕ’ ಎಂದು ಓದಿದವರು ಮಾತ್ರೆ ಸಾಕೆಂದು ಕಣ್ಣಿನ ಹನಿಯನ್ನೇ ನಿಲ್ಲಿಸಿಬಿಟ್ಟರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೋವಿಲ್ಲದೆಯೇ ನೋಟ ಅಂಚಿನಿಂದ ಕಿರಿದಾಗುತ್ತಾ ಬರುವುದರಿಂದ ಬಹಳ ಕಾಲ ಗೊತ್ತೂ ಆಗುವುದಿಲ್ಲ.

‘ಪೂರಕ’ ಎಂದರೆ ಕೊರತೆ ತುಂಬುವಂಥದು ಎಂದೇ ಜನ ತಿಳಿಯುತ್ತಾರೆ. ವಯಸ್ಕರಿಗೆ ದಿನಕ್ಕೆ ಬೇಕಾದ ಬಿ3 ಸುಮಾರು 14–16 ಮಿ.ಗ್ರಾಂ. ಗ್ಲಾಕೋಮಾ ಪ್ರಯೋಗಗಳಲ್ಲಿ ಕೊಟ್ಟ ನಿಕೋಟಿನಮೈಡ್ (ಬಿ3ಯ ಒಂದು ರೂಪ) ದಿನಕ್ಕೆ 1.5ರಿಂದ 3 ಗ್ರಾಂವರೆಗೆ, 500 ಮಿ.ಗ್ರಾಂ ಮಾತ್ರೆಯಾದರೆ ಮೂರರಿಂದ ಆರು. ಇದು ಔಷಧದ ಪ್ರಮಾಣ. ವಾಕರಿಕೆ, ಭೇದಿ ಆಗಬಹುದು, ಯಕೃತ್ತಿಗೂ ಪೆಟ್ಟು ಬೀಳಬಹುದು. ಶುರುಮಾಡುವ ಮೊದಲೂ ಆಮೇಲೂ ಯಕೃತ್ತಿನ ರಕ್ತಪರೀಕ್ಷೆ ಬೇಕು. ಆದ್ದರಿಂದ ‘ಹೆಚ್ಚು ಪ್ರಮಾಣದ ನಿಕೋಟಿನಮೈಡ್ ಚಿಕಿತ್ಸೆ’ ಎಂದೇ ಬರೆಯಿರಿ.

ಬಿ3 ಎಂಬುದು ಗುಂಪಿನ ಹೆಸರು. ಅಂಗಡಿಯ ಡಬ್ಬಿಯ ಮೇಲಿನ ‘ನಿಯಾಸಿನ್’ ಅನೇಕ ವೇಳೆ ನಿಕೋಟಿನಿಕ್ ಆಮ್ಲವಾಗಿರುತ್ತದೆ. ಅದನ್ನು ಗ್ರಾಂಗಟ್ಟಲೆ ತೆಗೆದುಕೊಂಡರೆ ಮುಖ ಕೆಂಪೇರಿ ಉರಿಯುತ್ತದೆ, ಅಪರೂಪಕ್ಕೆ ರೆಟಿನಾದ ನಡುಭಾಗವೇ ಊದಿ ನೋಟ ಮಂಜಾಗುತ್ತದೆ. ಕಣ್ಣಿಗೆಂದು ಕೊಂಡದ್ದೇ ಕಣ್ಣಿಗೆ ಕುತ್ತಾದಂತೆ! ಕರಪತ್ರದಲ್ಲಿ ‘ನಿಕೋಟಿನಮೈಡ್’ ಎಂದು ಪೂರ್ತಿ ಹೆಸರೇ ಇರಲಿ.

‘ಸಾಬೀತಾಗಿದೆ’ ಎಂಬ ಕ್ರಿಯಾಪದವೂ ಸಲ್ಲದು. ವಯಸ್ಸಾದಂತೆ ರೆಟಿನಾದಲ್ಲಿ ಕಡಿಮೆಯಾಗುವ, ಜೀವಕೋಶಗಳ ಶಕ್ತಿಗೆ ಬೇಕಾದ ಎನ್‌ಎಡಿ ಎಂಬ ಅಣುವನ್ನು ನಿಕೋಟಿನಮೈಡ್ ಹೆಚ್ಚಿಸುತ್ತದೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು ಇಲಿಗಳ ದೃಷ್ಟಿನರವನ್ನು ಕಾಪಾಡಿತು. ಮನುಷ್ಯರಲ್ಲಿ ನಡೆದ ಚಿಕ್ಕ, ಅಲ್ಪಾವಧಿ ಪ್ರಯೋಗಗಳು ಆಶಾದಾಯಕ. ವರ್ಷಗಟ್ಟಲೆ ದೃಷ್ಟಿ ಉಳಿಸುತ್ತದೆಂಬ ಮಾತಿಗೆ ಅಷ್ಟು ಸಾಲದು.

‘ಕಣ್ಣಿನ ವಿಟಮಿನ್’ ಎಂದು ಮಾರುವ ಲ್ಯೂಟಿನ್, ಸತು, ಸಿ, ಇ ಬೆರೆಸಿದ ಮಾತ್ರೆ ಇಳಿವಯಸ್ಸಿನ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆತಕ್ಕೆ. ಅದು ಬೇರೆಯೇ ಕಾಯಿಲೆ.

ವಾಕ್ಯ ಹೀಗಿದ್ದರೆ ಸಾಕು: ‘ಒತ್ತಡ ಇಳಿಸುವ ಹನಿ ಬಿಡಬೇಡಿ. ಅದರ ಜೊತೆಗೆ ನಿಕೋಟಿನಮೈಡ್ ಬೇಕೇ, ಎಷ್ಟು ಮಿ.ಗ್ರಾಂ ಎಂಬುದನ್ನು ಕಣ್ಣಿನ ವೈದ್ಯರೇ ತೀರ್ಮಾನಿಸಲಿ.’ ಮಿ.ಗ್ರಾಂ ಅನ್ನು ‘ಮಿಲಿಗ್ರಾಂ’ ಎಂದು ಬಿಡಿಸಿ ಅಚ್ಚು ಹಾಕಿಸಿ. ಬಿ12ನ್ನು ಮೈಕ್ರೋಗ್ರಾಂನಲ್ಲಿ ಅಳೆಯುವುದರಿಂದ ಎರಡೂ ಅದಲುಬದಲಾಗುವುದುಂಟು.