ಸಿಸಿಲಿಯ ಊರುಗಳ ಲಾಂಛನ: ಕತಾನಿಯಾದ ಆನೆ ಯಾವ ಕಡೆ ಮುಖ ಮಾಡಬೇಕು?

ಪ್ರಶ್ನೆ (ಸಪ್ತಾಪುರ, ಧಾರವಾಡ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಇತಿಹಾಸ ವಿಭಾಗದ ಪ್ರದರ್ಶನಕ್ಕೆಂದು ಇಟಲಿಯ ಸಿಸಿಲಿ ದ್ವೀಪದ ನಾಲ್ಕು ಊರುಗಳ ಬಾವುಟ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಲೆರ್ಮೊದ್ದು ಕೆಂಪು ನೆಲದ ಮೇಲೆ ಚಿನ್ನದ ಹದ್ದು, ಮೆಸ್ಸೀನಾದ್ದು ಕೆಂಪು ನೆಲದ ಮೇಲೆ ಚಿನ್ನದ ಶಿಲುಬೆ, ಕೊರ್ಲಿಯೋನೆಯದು ಹೃದಯ ಹಿಡಿದ ಸಿಂಹ, ಕತಾನಿಯಾದ್ದು ಆನೆ. ಮಾದರಿಗೆಂದು ಆನೆಯನ್ನೂ ಹದ್ದನ್ನೂ ಒಂದು ಅಂಗಡಿಯಲ್ಲಿ ಅಚ್ಚು ಹಾಕಿಸಿದೆ. ಬಟ್ಟೆ ತೆಳುವಾದ್ದರಿಂದ ಬಣ್ಣ ಹಿಂಬದಿಗೂ ಇಳಿದು, ಮುಂದಿನಿಂದ ಎಡಕ್ಕೆ ನೋಡುವ ಆನೆ ಹಿಂದಿನಿಂದ ಬಲಕ್ಕೆ ನೋಡುತ್ತಿದೆ. ಆನೆಯ ಮೇಲಿನ ರೋಮನ್ ‘ಎ’ ಅಕ್ಷರಕ್ಕೆ ಇದರಿಂದ ಏನೂ ಆಗಿಲ್ಲ, ಆದರೆ ಪಲೆರ್ಮೊದ ಹದ್ದು ಹಿಡಿದ ಪಟ್ಟಿಯಲ್ಲಿನ ‘ಎಸ್‌ಪಿಕ್ಯೂಪಿ’ (‘ಪಲೆರ್ಮೊದ ಸೆನೆಟ್ ಮತ್ತು ಜನತೆ’ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು) ಪೂರ್ತಿ ತಿರುಗುಮುರುಗಾಗಿದೆ. ಇದಕ್ಕೆ ಪರಿಹಾರವೇನು? ಕೆಲವು ಊರುಗಳ ಲಾಂಛನದ ಮೇಲೆ ಚಿನ್ನದ ಕಿರೀಟ, ಕೆಲವುಗಳ ಮೇಲೆ ಬೆಳ್ಳಿಯದು ಏಕೆ? ಆನೆಯೇ ಇಲ್ಲದ ನಾಡಿನ ಊರಿಗೆ ಆನೆ ಎಲ್ಲಿಂದ ಬಂತು?

ಉತ್ತರ 1 (ಬೆಂಗೇರಿ, ಹುಬ್ಬಳ್ಳಿ)

ಬಾವುಟ ಹೊಲಿಯುವ ಕೆಲಸದಲ್ಲಿ ಇಷ್ಟು ವರ್ಷ ಕಳೆದವಳಾಗಿ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನಮ್ಮ ರಾಷ್ಟ್ರಧ್ವಜ ಗಾಳಿಯಲ್ಲಿ ಹಾರುತ್ತದೆ, ಎರಡೂ ಕಡೆಯಿಂದ ಕಾಣುತ್ತದೆ. ಆದ್ದರಿಂದಲೇ ಚಕ್ರದ 24 ಗೆರೆಗಳು ಹಿಂದೆ ಮುಂದೆ ಒಂದರ ಮೇಲೊಂದು ಕೂಡಬೇಕೆಂಬ ಕಟ್ಟುನಿಟ್ಟು. ಇಟಲಿಯ ಊರುಗಳ ಮುಖ್ಯ ಗುರುತು ಹಾರುವ ಬಾವುಟವಲ್ಲ, ಗೊನ್ಫಲೋನೆ. ಕಂಬದ ತಲೆಗೆ ಅಡ್ಡಕೋಲು ಕಟ್ಟಿ, ಅದರಿಂದ ಕೆಳಕ್ಕೆ ಇಳಿಬಿಟ್ಟ ಬಟ್ಟೆ ಅದು. ಜಾಲರಿ, ಕಸೂತಿ, ನಡುವೆ ಲಾಂಛನ, ಊರಿನ ಹೆಸರು, ಎಲ್ಲವೂ ಮುಂಬದಿಯಲ್ಲೇ ಇರುತ್ತವೆ. ಹಿಂಬದಿಗೆ ಅಸ್ತರು ಕೊಟ್ಟರೆ ನಿಮ್ಮ ತೊಂದರೆ ತೀರಿತು. ಅಚ್ಚು ಬಿಟ್ಟು ಕಸೂತಿ ಮಾಡಿಸಿದರೆ ಇನ್ನೂ ಚೆನ್ನ, ದುಡ್ಡು ಹೆಚ್ಚಾಗುತ್ತದೆ ಎಂಬುದೊಂದೇ ಮಾತು.

ಉತ್ತರ 2 (ಗದಗ)

ಅಕ್ಕನವರು ಹೇಳಿದ್ದು ಸರಿ. ಮುಖದ ದಿಕ್ಕಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ: ಬೇರೆ ಸೂಚನೆ ಇಲ್ಲದಿದ್ದರೆ ಯುರೋಪಿನ ಲಾಂಛನಗಳಲ್ಲಿ ಪ್ರಾಣಿ ಗುರಾಣಿ ಹಿಡಿದವನ ಬಲಕ್ಕೆ, ಅಂದರೆ ನೋಡುವವರ ಎಡಕ್ಕೆ, ಮುಖ ಮಾಡಿರುತ್ತದೆ. ಕಿರೀಟದ ಲೆಕ್ಕ 1943ರ ರಾಜಾಜ್ಞೆಯಿಂದ ಬಂದದ್ದು. ‘ನಗರ’ ಎಂಬ ಬಿರುದು ಪಡೆದ ಊರಿಗೆ ಚಿನ್ನದ ಕೋಟೆ-ಕಿರೀಟ. ಅದರಲ್ಲಿ 8 ಬುರುಜುಗಳಿದ್ದು ಚಿತ್ರದಲ್ಲಿ 5 ಕಾಣುತ್ತವೆ. ಸಾಮಾನ್ಯ ಊರಿಗೆ ಬೆಳ್ಳಿಯ ಕಿರೀಟ. ಅದರ ಕೋಟೆ-ತೆನೆಗಳ (ಗೋಡೆಯ ಮೇಲಂಚಿನ ಹಲ್ಲುಗಳ) ತುದಿ ಕವಲುಬಾಲದ ಹಕ್ಕಿಯ ಬಾಲದಂತೆ ಸೀಳಿರುತ್ತದೆ. ಗೊನ್ಫಲೋನೆಯ ಕಸೂತಿಯೂ ಅದಕ್ಕೆ ತಕ್ಕಂತೆ ಚಿನ್ನದ್ದೋ ಬೆಳ್ಳಿಯದೋ ಆಗುತ್ತದೆ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸುವುದು ಬೇರೆ. ಲಕ್ಕುಂಡಿಯ ಸುತ್ತ ಆಳಿದವರನ್ನು ನೆನೆದರೆ ನಮಗೆ ಚಾಲುಕ್ಯರ ವರಾಹ, ಹೊಯ್ಸಳರ ಸಿಂಹವನ್ನು ಇರಿಯುವ ಸಳ ಕಣ್ಣೆದುರು ಬರುತ್ತವೆ. ಇವೆಲ್ಲ ವಂಶದ ಲಾಂಛನಗಳು, ಊರಿನವಲ್ಲ. ಸಿಸಿಲಿಯಲ್ಲಿ ಊರೇ ಒಂದು ಪಕ್ಷವಾಗಿ ನಿಂತದ್ದುಂಟು: 1282ರಲ್ಲಿ ಫ್ರೆಂಚ್ ಅರಸೊತ್ತಿಗೆಯ ವಿರುದ್ಧ ದಂಗೆ ಎದ್ದಾಗ ಪಲೆರ್ಮೊ ಮತ್ತು ಕೊರ್ಲಿಯೋನೆ ಪರಸ್ಪರ ಒಪ್ಪಂದ ಮಾಡಿಕೊಂಡವು. ಹಾಗೆ ಮಾತು ಕೊಡುವ ಊರಿಗೆ ತನ್ನದೇ ಗುರುತು ಬೇಕಾಗುವುದು ಸಹಜವೇ.

ಉತ್ತರ 3 (ಹಾವೇರಿ)

ಆನೆಯ ವಿಷಯ. ಕತಾನಿಯಾದ ದೊಡ್ಡ ಚರ್ಚಿನ ಮುಂದಿನ ಚೌಕದಲ್ಲಿ ಎಟ್ನಾ ಪರ್ವತದ ಕಪ್ಪು ಲಾವಾ ಕಲ್ಲಿನಲ್ಲಿ ಕಡೆದ ಆನೆಯೊಂದು ಬೆನ್ನ ಮೇಲೆ ಕಲ್ಲಿನ ಸ್ತಂಭ ಹೊತ್ತು ಕಾರಂಜಿಯ ಮೇಲೆ ನಿಂತಿದೆ. ಊರವರು ಅದನ್ನು ‘ಲಿಯೋತ್ರು’ ಎನ್ನುತ್ತಾರೆ. ಎಲಿಯೊದೊರೊ ಎಂಬ ಮಾಂತ್ರಿಕನ ಹೆಸರೇ ಜನರ ಬಾಯಲ್ಲಿ ಸವೆದು ಹೀಗಾಯಿತಂತೆ. ಆನೆ ಹಳೆಯದು, 1693ರ ಭೂಕಂಪದಲ್ಲಿ ಊರು ನೆಲಸಮವಾದ ಮೇಲೆ, ಅದನ್ನು ಮತ್ತೆ ಕಟ್ಟುವಾಗ ವಾಸ್ತುಶಿಲ್ಪಿ ವಕ್ಕಾರೀನಿ ಈ ಕಾರಂಜಿಯನ್ನು ರೂಪಿಸಿದ. ‘ಎ’ ಎಂದರೆ ಊರನ್ನು ಕಾಯುವ ಸಂತ ಅಗಾತಾ. ಆನೆಯೇ ಇಲ್ಲದ ನಾಡು ಎಂದಿರಿ; ಬಹಳ ಹಿಂದೆ ಅಲ್ಲಿ ಕುಳ್ಳ ಆನೆಗಳಿದ್ದವು, ಗವಿಗಳಲ್ಲಿ ಸುಮಾರು 1 ಮೀಟರ್ ಎತ್ತರದವುಗಳ ಎಲುಬು ಸಿಕ್ಕಿವೆ. ಕೊರ್ಲಿಯೋನೆಯದು ಬರೀ ಪದಚೇಷ್ಟೆ: ‘ಕೊರ್’ ಎಂದರೆ ಹೃದಯ, ‘ಲಿಯೋನೆ’ ಎಂದರೆ ಸಿಂಹ.

ಪ್ರದರ್ಶನದ ನಡುವೆ ದ್ವೀಪದ ಬಾವುಟವನ್ನೂ ಇಡುವುದಾದರೆ ಎಚ್ಚರಿಕೆ ಬೇಕು. ಕೆಂಪು-ಹಳದಿ ನೆಲದಲ್ಲಿ ಮೂರು ಕಾಲು ಓಡುವ ಆ ಬಾವುಟ ಇಂದಿನ ರೂಪದಲ್ಲಿ ಅಂಗೀಕಾರವಾದದ್ದು 2000ದಲ್ಲಿ. ಅದು ಹಾರುವಂಥದ್ದು, ಆದ್ದರಿಂದ ಹಿಂಬದಿಯಿಂದ ಕಾಲುಗಳು ಉಲ್ಟಾ ಓಡುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನಾಲ್ಕು ಊರುಗಳದ್ದನ್ನು ಅಡ್ಡಕೋಲಿಗೆ ಇಳಿಬಿಟ್ಟು ಅಸ್ತರು ಕೊಡಿಸುತ್ತೇನೆ. ದ್ವೀಪದ ಬಾವುಟವನ್ನು ಗೋಡೆಗೆ ಒತ್ತಿ ಕಟ್ಟಿಬಿಡುತ್ತೇನೆ, ಕಾಲುಗಳು ಒಂದೇ ಕಡೆ ಓಡಲಿ. ಬೆಂಗೇರಿಯ ಅಕ್ಕನವರೇ, ಎರಡು ಅಡಿ ಅಗಲದ ಬಟ್ಟೆಗೆ ಅಸ್ತರು ಖಾದಿಯದೇ ಸಾಕೇ, ಇನ್ನೂ ದಪ್ಪದ್ದು ಬೇಕೇ?

ಉತ್ತರ 1 (ಬೆಂಗೇರಿ, ಹುಬ್ಬಳ್ಳಿ)

ಖಾದಿ ಸಾಕು. ಆದರೆ ಅದನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ ಹೊಲಿಸಿರಿ, ಇಲ್ಲದಿದ್ದರೆ ಮುಂದೆ ಅಸ್ತರು ಕುಗ್ಗಿ ಆನೆಯ ಹೊಟ್ಟೆ ಸುಕ್ಕಾಗುತ್ತದೆ.